ನಾಲ್ಕನೇ ಹಾಸಿಗೆಯ ಏಳು ಯೂನಿಟ್

ಆ ಶುಶ್ರೂಷಾ ಮನೆಯಲ್ಲಿ ಇದ್ದದ್ದು ಆರು ಹಾಸಿಗೆ, ಒಬ್ಬಳು ಆಯಾ ಮತ್ತು ಮೈಕ್ ಕಂಡರೆ ಬಾಯಿ ಮುಚ್ಚದ ಒಬ್ಬ ಕಾರ್ಯದರ್ಶಿ. ಚಾವಣಿಗೆ ಸೋಲಾರ್ ಫಲಕ ಹಾಕಿಸಿದ ಮೇಲಂತೂ ಅವನನ್ನು ಹಿಡಿಯುವವರೇ ಇಲ್ಲ. ವರ್ಷವಿಡೀ ಬಳಸಿದಷ್ಟು ಕರೆಂಟನ್ನು ತಾವೇ ಮಾಡಿಕೊಂಡು ಮೀಟರು ಸೊನ್ನೆಗೆ ಬಂದರೆ ಸರ್ಕಾರದ ಪ್ರಶಸ್ತಿಪತ್ರ ಸಿಗುತ್ತಿತ್ತು. ಬಿಸಿನೀರು ನಿಂತಿತು. ಬಟ್ಟೆ ಒಗೆಯುವ ಯಂತ್ರವೂ ನಿಂತು, ಹಾಸಿಗೆ ಹಿಡಿದವರ ಚಾದರವೆಲ್ಲ ಆಯಾಳ ರಟ್ಟೆಯ ಮೇಲೆ ಬಿತ್ತು. ರಟ್ಟೆಗೆ ಮೀಟರಿಲ್ಲವಲ್ಲ!

ಆದರೂ ಸೊನ್ನೆ ಬರಲಿಲ್ಲ. "ಯಾವ್ದು ಎಷ್ಟು ತಿನ್ನುತ್ತೆ, ಪಟ್ಟಿ ಮಾಡಮ್ಮ," ಎಂದ ಕಾರ್ಯದರ್ಶಿ. ಆಯಾ ಒಂದು ವಾರ ಪ್ಲಗ್ಗಿಗೊಂದು ಪುಟ್ಟ ಮೀಟರು ಸಿಕ್ಕಿಸಿ, ಕಣ್ಣಲ್ಲಿ ಕಣ್ಣಿಟ್ಟು ಬರೆದಳು. ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿದ್ದದ್ದು ನಾಲ್ಕನೇ ಹಾಸಿಗೆಯ ಉಸಿರಾಟದ ಯಂತ್ರ, ದಿನಕ್ಕೆ ಏಳು ಯೂನಿಟ್. ಆ ಹಾಸಿಗೆಯಲ್ಲಿದ್ದವಳು ಅವಳ ಸ್ವಂತ ತಂಗಿ. ಇಷ್ಟು ಬೇಕೆಂದು ಗೊತ್ತಾದರೆ ಇನ್ನೆರಡು ಫಲಕ ಹಾಕಿಸಿಯಾರು ಎಂದು ನಂಬಿ ಅದರ ಕೆಳಗೆ ಕೆಂಪು ಗೆರೆ ಬೇರೆ ಎಳೆದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಳು, ಪಾಪ.

ಕಾರ್ಯದರ್ಶಿ ಗೆರೆ ನೋಡಿದ. "ತಂಗೀನ ಮನೆಗೆ ಕರ್ಕೊಂಡು ಹೋಗು. ಯಂತ್ರಾನೂ ಕೊಡ್ತೀವಿ. ನಿಮ್ಮನೇಲೂ ಪ್ಲಗ್ ಇದೆಯಲ್ಲ?"

"ನಮ್ ಬೀದೀಲಿ ಕರೆಂಟು ಹೋಗ್ತಾನೇ ಇರುತ್ತೆ ಸಾರ್. ಇಲ್ಲಿಯಾದ್ರೆ ಕರೆಂಟು ಹೋದ್ರೂ ಬ್ಯಾಟರಿ ಇದೆ."

"ಎರಡೇ ತಿಂಗಳು ಕಣಮ್ಮ. ವರ್ಷ ಮುಗೀಲಿ, ವಾಪಸ್ ಕರೆಸ್ಕೊಳ್ಳೋಣ." ಅವನ ಬಾಯಿಗೆ ಮಣ್ಣು ಹಾಕ!

ತಂಗಿ ನಗುನಗುತ್ತಲೇ ಹೊರಟಳು. "ನಾನು ಉಸಿರಾಡೋದೂ ಇವರಿಗೆ ದುಂದು ಅನ್ನಿಸ್ತು ನೋಡಕ್ಕಾ."

ಒಂಬತ್ತನೇ ದಿನ ಮಧ್ಯಾಹ್ನ ಬೀದಿಯ ಕರೆಂಟು ಹೋಯಿತು. ಪಕ್ಕದ ಮನೆಯವಳ ಫೋನು ಬಂದಾಗ ಆಯಾ ಚಾದರ ಹಿಂಡುತ್ತಿದ್ದಳು. ಒದ್ದೆ ಕೈಯಲ್ಲೇ ಓಡಿದಳು. ಶುಶ್ರೂಷಾ ಮನೆಯ ಚಾವಣಿ ಆ ಸುಡುಬಿಸಿಲಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಮಾಡುತ್ತಿತ್ತು. ಅವಳು ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ವರ್ಷ ತುಂಬಿತು, ಸೊನ್ನೆಯೂ ಬಂತು. ತಪಾಸಣೆಗೆ ಬಂದ ಅಧಿಕಾರಿಗೆ ಭಾರೀ ಸಂತೋಷ. "ಕೊನೇ ಎರಡು ತಿಂಗಳು ಬಳಕೆ ಇಷ್ಟೊಂದು ಇಳಿದಿದೆಯಲ್ಲ, ಏನು ಮಾಡಿದ್ರಿ?" ಎಂದು ಆಯಾಳನ್ನೇ ಕೇಳಿದ.

"ನನ್ನ ತಂಗೀನ ಆಚೆ ಕಳಿಸಿದ್ವಿ ಸಾರ್. ಸತ್ತೋದ್ಲು."

ಕಾರ್ಯದರ್ಶಿ ಕೆಮ್ಮಿದ. ಅಧಿಕಾರಿ ಪೆನ್ನು ಹಿಡಿದು ಅಂಕಣಗಳನ್ನೆಲ್ಲ ಹುಡುಕಿದ. ಅವನ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊನೆಗೆ "ನಿವಾಸಿಗಳ ಸಹಕಾರ" ಎಂದು ಬರೆದುಕೊಂಡು, ಪಕ್ಕದ ಕೋಣೆಯ ಫ್ಯಾನು ನೋಡಲು ಹೋದ.