ಮೂವತ್ತೇಳು ಆಂಪ್ಸ್ ಕೊಸರು

ಹಂದನಕೆರೆಯ ಕಾಡಸಿದ್ದಪ್ಪನವರು ಜೀವಮಾನದಲ್ಲಿ ಕೊಸರಿಲ್ಲದೆ ಒಂದು ಸೂಜಿಯನ್ನೂ ಕೊಂಡವರಲ್ಲ. ಸೊಪ್ಪು ಕೊಂಡರೆ ಮೇಲೊಂದು ಹಿಡಿ, ಪಂಚೆ ಕೊಂಡರೆ ಮೇಲೊಂದು ಕರವಸ್ತ್ರ. ಹೆಣ್ಣು ನೋಡಲು ಹೋದ ಕಡೆಯೂ ಮಾವನ ಕೊಟ್ಟಿಗೆಯಿಂದ ಒಂದು ಕರುವನ್ನು ಕೊಸರಾಗಿ ಹೊಡೆದುಕೊಂಡು ಬಂದರೆಂದು ಊರು ಹೇಳುತ್ತದೆ. "ಸುಳ್ಳು. ಅವ್ರು ಕೇಳಿದ್ದೇ ಕರು, ಕೊಸರಾಗಿ ಬಂದೋಳು ನಾನು" ಎಂದು ಹೆಂಡತಿ ಗಿರಿಜಾಂಬಿಕಾ ತಿದ್ದುತ್ತಾರೆ.

ಇಂಥವರು ಅರವತ್ತೆರಡನೆಯ ವಯಸ್ಸಿನಲ್ಲಿ ಮನೆಯ ಹಿಂದೆ ನಾರಿನ ಮಿಷನ್ ಹಾಕಿಸಿದರು. ಕಾಯಿಮಟ್ಟೆ ಜಜ್ಜಿ ನಾರು ಬಿಡಿಸುವ, ಮೂವತ್ತು ಎಚ್‌ಪಿ ಮೋಟಾರಿನ ತ್ರೀ ಫೇಸ್ ಯಂತ್ರ. ಕರೆಂಟಿನ ಕೆಲಸಕ್ಕೆ ಒಪ್ಪಿಕೊಂಡವಳು ಗಿರಿಜಾಂಬಿಕಾ ಅವರ ತಮ್ಮನ ಮಗಳು ದಾನೇಶ್ವರಿ. ತಿಪಟೂರಿನಲ್ಲಿ ಲೈಸೆನ್ಸ್ ಪಡೆದು ಎಷ್ಟೋ ಕಾರ್ಖಾನೆಗಳಿಗೆ ವೈರಿಂಗ್ ಮಾಡಿದ ಹುಡುಗಿ. ಅವಳು ಚೀಟಿ ಬರೆದುಕೊಟ್ಟಳು: ಮೋಟಾರು ಎಳೆಯುವುದು ನಲವತ್ತು ಆಂಪ್ಸ್, ಬ್ರೇಕರ್ ಅರವತ್ಮೂರು, ಕೇಬಲ್ ಅದಕ್ಕಿಂತಲೂ ಹೆಚ್ಚು ತಡೆಯುವಂಥದ್ದು.

ಕಾಡಸಿದ್ದಪ್ಪನವರು ಚೀಟಿ ಹಿಡಿದು ಶಿವಮೂರ್ತಿಯ ಎಲೆಕ್ಟ್ರಿಕ್ ಅಂಗಡಿಗೆ ಹೋದರು. ಗಂಟೆಗಟ್ಟಲೆ ಚೌಕಾಸಿ ಮಾಡಿ, ಅರವತ್ಮೂರರ ಬೆಲೆಗೆ ನೂರು ಆಂಪ್ಸಿನ ಬ್ರೇಕರ್ ಈಸಿಕೊಂಡರು. ಖರ್ಚಾಗದೆ ಧೂಳು ಹಿಡಿದಿದ್ದ ಮಾಲು, ಶಿವಮೂರ್ತಿಯೂ ಕೈ ತೊಳೆದುಕೊಂಡ. ಕೇಬಲ್ಲನ್ನಂತೂ ಕೊಳ್ಳಲೇ ಇಲ್ಲ. ಬತ್ತಿಹೋದ ಬೋರ್‌ವೆಲ್ಲಿನಿಂದ ಎತ್ತಿಟ್ಟ ಮುನ್ನೂರು ಅಡಿ ಕೇಬಲ್ ಮನೆಯಲ್ಲೇ ಇತ್ತಲ್ಲ! ಮೀಟರಿನಿಂದ ಮಿಷನ್ನಿಗೆ ಬೇಕಾದದ್ದು ನೂರಡಿ. ಉಳಿದದ್ದನ್ನು ಕತ್ತರಿಸಲು ಮನಸ್ಸು ಬರಲಿಲ್ಲ. ಮೀಟರಿಗೂ ಮಿಷನ್ನಿಗೂ ನಡುವೆಯೇ ಅದನ್ನು ಸಿಂಬೆಯ ಹಾಗೆ ಸುತ್ತಿ ಅಟ್ಟದ ಮೇಲಿನ ಉಂಡೆಕೊಬ್ಬರಿ ಚೀಲದ ಮೇಲೆ ಕೂರಿಸಿದರು. ಅದರ ಸುತ್ತ ಹತ್ತು ತಿಂಗಳಿಂದ ಒಣಗುತ್ತಿದ್ದ ಹನ್ನೆರಡು ಸಾವಿರ ಕಾಯಿ. ವರ್ಷದ ಫಸಲೆಲ್ಲ ಆ ಅಟ್ಟದಲ್ಲೇ ಇತ್ತು.

ಕನೆಕ್ಷನ್ ಕೊಡಲು ಬಂದ ದಾನೇಶ್ವರಿ ಅಟ್ಟ ಹತ್ತಿ ನೋಡಿ ಇಳಿದಳು.

"ಮಾವ, ಇದು ಬೋರ್ ಕೇಬಲ್ ಅಲ್ವಾ?"

"ಹತ್ತು ವರ್ಸ ಓಡೈತೆ ಕಣವ್ವ. ಒಂದಿನ ಬಿಸಿಯಾಗಿಲ್ಲ."

"ಹೆಂಗಾಗುತ್ತೆ? ತಣ್ಣೀರಲ್ಲಿ ಮುಳುಗಿತ್ತು. ಅಲ್ಲಿದ್ದಿದ್ದು ಏಳೂವರೆ ಎಚ್‌ಪಿ ಮೋಟ್ರು. ಇದನ್ನ ಬಿಡಿಸಿ ಎಳೆದ್ರೂ ಮೂವತ್ತೆರಡು ಆಂಪ್ಸ್ ಮೇಲೆ ತಡೆಯಲ್ಲ. ಸುತ್ತಿಟ್ರೆ ಅದೂ ಇಲ್ಲ."

"ಅದಕ್ಕೇ ಬ್ರೇಕರ್‌ನಾಗೆ ಮೂವತ್ತೇಳು ಕೊಸರು ಈಸ್ಕಂಡು ಬಂದಿವ್ನಿ!"

ದಾನೇಶ್ವರಿ ಹಣೆ ಚಚ್ಚಿಕೊಂಡಳು. ವಾದ ಮಾಡದೆ ತನ್ನ ಚೀಲದಿಂದ ಮೂವತ್ತೆರಡು ಆಂಪ್ಸಿನ ಬ್ರೇಕರ್ ತೆಗೆದು ಕೂರಿಸಿದಳು. "ಕೇಬಲ್ ಯೋಗ್ಯತೆ ಹೆಚ್ಚಂದ್ರೆ ಇಷ್ಟು. ಹಾಕಿ ಸ್ವಿಚ್ಚು."

ಮಿಷನ್ ಗುರುಗುಟ್ಟಿತು, ನಾಲ್ಕು ಮಟ್ಟೆ ನುಂಗಿತು, ಟಕ್ ಎಂದು ನಿಂತಿತು. ಮತ್ತೆ ಹಾಕಿದರು. ಮತ್ತೆ ಟಕ್. ಬೇಲಿಯಾಚೆ ನೋಡುತ್ತಿದ್ದವರು ಕಿಸಕ್ಕನೆ ನಕ್ಕರು.

"ನಿನ್ ಬ್ರೇಕರ್ರು ಪುಕ್ಕಲು ಕಣವ್ವ!"

"ಪುಕ್ಕಲಲ್ಲ ಮಾವ, ಕಾವಲುಗಾರ. ಕೇಬಲ್ ತಡೆಯೋದಕ್ಕಿಂತ ಜಾಸ್ತಿ ಕರೆಂಟು ಹರಿದ್ರೆ ತಾನೇ ಟ್ರಿಪ್ ಆಗಿ ನಿಲ್ಲಿಸುತ್ತೆ. ಹೊಸ ಕೇಬಲ್ ತನ್ನಿ, ಆಮೇಲೆ ಅರವತ್ಮೂರು ಹಾಕ್ತೀನಿ. ಅಲ್ಲೀವರ್ಗೂ ಮುಟ್ಬೇಡಿ" ಎಂದು ಹೇಳಿ, ಹುಳಿಯಾರಿನಲ್ಲಿದ್ದ ಇನ್ನೊಂದು ಕೆಲಸಕ್ಕೆ ಹೊರಟಳು.

ಅವಳ ಸ್ಕೂಟಿ ತಿರುವು ದಾಟಿತೋ ಇಲ್ಲವೋ, ಕಾಡಸಿದ್ದಪ್ಪನವರು ಪಂಪ್ ರಿಪೇರಿಯ ಹುಚ್ಚಣ್ಣನನ್ನು ಕರೆಸಿ ನೂರರ ಬ್ರೇಕರ್ ಹಾಕಿಸಿದರು. ಮಿಷನ್ ಅಬ್ಬರಿಸಿತು. ಟಕ್ ಇಲ್ಲ, ಟುಕ್ ಇಲ್ಲ. ಮಟ್ಟೆ ಹೋದದ್ದೇ, ನಾರು ಬಂದದ್ದೇ. ಕಾಡಸಿದ್ದಪ್ಪನವರು ಬೇಲಿಯ ಕಡೆ ತಿರುಗಿ ಮೀಸೆ ನೀವಿಕೊಂಡರು.

ಅರ್ಧ ಗಂಟೆ ಕಳೆದಿರಬೇಕು. ಘಮ್ಮೆಂದು ಕೊಬ್ಬರಿ ಹುರಿದ ವಾಸನೆ ಬಂತು. ಮಿಷನ್ ಓಡಿದ ಖುಷಿಗೆ ಹೆಂಡತಿ ಕೊಬ್ಬರಿ ಮಿಠಾಯಿಗೆ ಕೈ ಹಾಕಿದ್ದಾಳೆಂದು ಅವರ ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಗಿರಿಜಾಂಬಿಕಾ ಮೂಗರಳಿಸುತ್ತಾ ಹಿತ್ತಿಲಿಗೆ ಬಂದರು.

"ಏನ್ರೀ, ಮಿಷನ್ನಾಗೆ ಕೊಬ್ರಿ ಹುರೀತಿದ್ದೀರಾ?"

"ನೀನಲ್ವೇನೇ ಹುರೀತಿರೋದು?"

"ನಾನಿನ್ನೂ ಒಲೇನೇ ಹಚ್ಚಿಲ್ಲ."

ಇಬ್ಬರೂ ಒಟ್ಟಿಗೆ ಕತ್ತೆತ್ತಿದರು. ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಒಣಗಿದ ಸಿಪ್ಪೆಗೆ ಒಂದು ಕಿಡಿ ಸಾಕು, ಅಟ್ಟವೂ ಇಲ್ಲ, ಮನೆಯೂ ಇಲ್ಲ. ಕಾಡಸಿದ್ದಪ್ಪನವರು ಪಂಚೆ ಎತ್ತಿಕಟ್ಟಿ ಓಡಿ ಸ್ವಿಚ್ ಕೆಡವಿದರು. ನೂರು ಆಂಪ್ಸಿನ ಬ್ರೇಕರ್ ತನಗೇನೂ ಸಂಬಂಧವಿಲ್ಲವೆಂಬಂತೆ ನಿಂತಿತ್ತು. ಪುಕ್ಕಲು ಬ್ರೇಕರ್ ಮಾಡಬೇಕಿದ್ದ ಕೆಲಸವನ್ನು ಯಜಮಾನರೇ ಮಾಡಬೇಕಾಯಿತು.

ಅಟ್ಟದಲ್ಲಿ ಸುತ್ತಿಟ್ಟ ಕೇಬಲ್ ಕರಗಿ ಮುದ್ದೆಯಾಗಿತ್ತು. ಬೆಂಕಿ ಇನ್ನೂ ಹತ್ತಿರಲಿಲ್ಲ. ಚೀಲ ಕಮರಿ, ಮೇಲಿನ ಅರವತ್ತು ಉಂಡೆಕೊಬ್ಬರಿ ಕಂದು ತಿರುಗಿದ್ದವು. ಉಳಿದದ್ದಕ್ಕೆ ಏನೂ ಆಗಿರಲಿಲ್ಲ. ಕಾಡಸಿದ್ದಪ್ಪನವರು ಕಾಯಿರಾಶಿಯ ಪಕ್ಕದಲ್ಲೇ ಕುಸಿದು ಕೂತರು. ಇಷ್ಟು ಹೆದರಿದ್ದು ಅವರಿಗೆ ನೆನಪೇ ಇರಲಿಲ್ಲ.

ಸಂಜೆ ಬಂದ ದಾನೇಶ್ವರಿ ಬೈಯಲಿಲ್ಲ. ಆ ಮುದ್ದೆಯನ್ನು ಕೈಯಲ್ಲಿ ತೂಗುತ್ತಾ ಹೇಳಿದಳು: "ಮಾವ, ಕೊಸರು ಈಸ್ಕಳೋರು ಇದ್ರೆ ಕೊಡೋರೂ ಒಬ್ರು ಇರ್ಬೇಕಲ್ವಾ? ಬ್ರೇಕರ್‌ನಲ್ಲಿ ಈಸ್ಕಂಡೋರು ನೀವು. ಕೊಟ್ಟಿದ್ದು ಪಾಪ, ಈ ಕೇಬಲ್ಲು."

ಕೊಡುವವರ ಬಗ್ಗೆ ಕಾಡಸಿದ್ದಪ್ಪನವರು ಅಲ್ಲಿಯವರೆಗೆ ಯೋಚಿಸಿದ್ದೇ ಇಲ್ಲ. ದಿನವೂ ಮೇಲೊಂದು ಹಿಡಿ ಕೊಡುತ್ತಿದ್ದ ಸೊಪ್ಪಿನವಳ ನೆನಪು ಅವರಿಗೆ ಬಂತು. ತಲೆ ತಗ್ಗಿಸಿದರು.

ಮಾರನೆಯ ದಿನ ಅದೇ ಚೀಟಿ, ಅದೇ ಅಂಗಡಿ. ಶಿವಮೂರ್ತಿ ದಪ್ಪ ಕೇಬಲ್ ಅಳೆದು ಕತ್ತರಿಸಿದ, ಅರವತ್ಮೂರರ ಬ್ರೇಕರ್ ಕಟ್ಟಿದ. ಇವರು ಬಾಯಿ ತೆರೆಯುವ ಮೊದಲೇ ಮೇಲೊಂದು ಟೇಪು ಇಟ್ಟು, "ತಗಳಿ ಯಜಮಾನ್ರೇ, ನಿಮ್ ಕೊಸರು" ಎಂದ.

"ಬ್ಯಾಡ ಬುಡಪ್ಪ."

ಶಿವಮೂರ್ತಿಯ ಕೈ ಅಲ್ಲೇ ನಿಂತಿತು. ಗಾಬರಿಯಿಂದ ಸ್ಟೂಲ್ ಎಳೆದು ಅವರನ್ನು ಕೂರಿಸಿ, ನೀರು ಕೊಟ್ಟು, ಅಂಗಡಿಯ ಮೂಲೆಗೆ ಹೋಗಿ ಗಿರಿಜಾಂಬಿಕಾ ಅವರಿಗೆ ಫೋನ್ ಹಚ್ಚಿದ.

"ಅಮ್ಮಾ, ಯಜಮಾನ್ರಿಗೆ ಹುಷಾರಿಲ್ಲ ಅನ್ಸುತ್ತೆ. ಕೊಸರು ಬ್ಯಾಡ ಅಂತಾವ್ರೆ!"

ಆ ಕಡೆ ಕಂದು ತಿರುಗಿದ ಕೊಬ್ಬರಿ ಆರಿಸುತ್ತಿದ್ದ ಗಿರಿಜಾಂಬಿಕಾ ಗಲಗಲ ನಕ್ಕರು.

"ಹೆದ್ರಬ್ಯಾಡ ಕಣಪ್ಪ. ಟ್ರಿಪ್ ಆಗವ್ರೆ, ಅಷ್ಟೇ."