ನೀರಿನ ಗುರುತು

"ಕಲ್ಲ ಸುಡತೈತೇನು?" ಎಂದು ಅಪ್ಪ ಕೇಳಿದರು.

ಕೈ ಇಡಲಾಗದಷ್ಟು ಸುಡುತ್ತಿದೆ ಎಂದಳು ವೈಶಾಲಿ. ಅವಳು ಕೂತಿದ್ದದ್ದು ನೆದರ್‌ಲ್ಯಾಂಡಿನ ಗ್ರೋನಿಂಗನ್ನಿನ ಬಾಡಿಗೆ ಕೋಣೆಯ ನೆಲದ ಮೇಲೆ, ಬೆಳಗಿನ ಹತ್ತು ಗಂಟೆಗೆ. ಅಪ್ಪ ಬಸವಂತಪ್ಪ ಬೋರಲಾಗಿ ಮಲಗಿದ್ದದ್ದು ಧಾರವಾಡದ ಕೋವಿಡ್ ವಾರ್ಡಿನಲ್ಲಿ. ಎರಡನೇ ಅಲೆಯ ಮೇ ತಿಂಗಳು. ವಿಮಾನಗಳಿರಲಿಲ್ಲ, ಇದ್ದರೂ ವಾರ್ಡಿನೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಬೋರಲು ಮಲಗಿದರೆ ಉಸಿರಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಹತ್ತು ನಿಮಿಷಕ್ಕೇ ಹೊರಳಿ ಮಾಸ್ಕು ಕಿತ್ತೊಗೆಯುವ ಮನುಷ್ಯ, ಮಗಳು ಫೋನಿನಲ್ಲಿ ಮಾತಿನಲ್ಲೇ ಎಲ್ಲಿಗಾದರೂ ನಡೆಸಿಕೊಂಡು ಹೊರಟರೆ ಮಾತ್ರ ಅಲ್ಲಾಡುತ್ತಿರಲಿಲ್ಲ. ಅದಕ್ಕೇ ನರ್ಸ್ ರಜನಿ ದಿನಾ ಮಧ್ಯಾಹ್ನದ ಊಟವಾದ ಮೇಲೆ ಫೋನನ್ನು ಅವರ ಕಿವಿಯ ಹತ್ತಿರ ಇಡುತ್ತಿದ್ದಳು.

ಎರಡು ವರ್ಷದ ಹಿಂದೆ ಸಂಶೋಧನೆಗೆಂದು ಹೋದಾಗ ವೈಶಾಲಿ ಒಮಾನಿನ ಮರುಭೂಮಿಯ ಒಂದು ಕಣಿವೆಯಲ್ಲಿ ನಡೆದಿದ್ದಳು. ಮೂರು ದಿನದಿಂದ ಅಪ್ಪನನ್ನು ಅದರಲ್ಲೇ ಕರೆದೊಯ್ಯುತ್ತಿದ್ದಳು. ಎರಡೂ ಕಡೆ ಕೆಂಪು ಗೋಡೆ, ಮೇಲೆ ಧೋತರದ ಅಂಚಿನಷ್ಟು ಆಕಾಶ. ಕಿಟಕಿಯಾಚೆ ಕಾಲುವೆಯ ಮೇಲೆ ಮೋಡ ಕವಿದಿದ್ದರೂ ಅವಳ ಅಂಗಾಲು ಬಿಸಿಯಾಗಿತ್ತು.

ಇವತ್ತು ಕೊನೆಯ ತಿರುವು. ಇಲ್ಲಿ ಗೋಡೆಗಳು ಒಬ್ಬರು ಮಗ್ಗುಲಾಗಿ ನುಸುಳುವಷ್ಟು ಹತ್ತಿರ ಬರುತ್ತವೆ, ಅದರಾಚೆ ಹಳ್ಳ. ವೈಶಾಲಿ ಹಳ್ಳವನ್ನು ಬಣ್ಣಿಸತೊಡಗಿದಳು.

"ಗ್ವಾಡಿ ಮ್ಯಾಲ ನೀರಿನ ಗುರುತ ಎಷ್ಟ ಎತ್ತರ ಐತಿ?"

ಕೇಳಿದ ಅಪ್ಪ ಮೂವತ್ತು ವರ್ಷ ನೀರಾವರಿ ಇಲಾಖೆಯಲ್ಲಿ ಹಳ್ಳಗಳ ನೀರು ಅಳೆದವರು. ಹಳ್ಳ ಕಂಡರೆ ಮೊದಲು ನೋಡಬೇಕಾದದ್ದು, ಹೋದ ಮಳೆಗಾಲ ದಂಡೆಯ ಕಲ್ಲಿನ ಮೇಲೆ ಬಿಟ್ಟುಹೋದ ಗೆರೆಯನ್ನು ಎಂದು ಚಿಕ್ಕಂದಿನಲ್ಲಿ ಅವಳಿಗೆ ಕಲಿಸಿದ್ದೂ ಅವರೇ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತಾರೆ. ಇಳಿಯದವಳಿಗೆ ಈಗ ಮೈಯೆಲ್ಲ ಚಳಿ. ಅವತ್ತು ಆ ಸಂದಿನ ಮುಂದೆ ಹೆದರಿ ಹಿಂದಿರುಗಿದವಳು, ಹಳ್ಳದಲ್ಲಿ ಮಿಂದುಬಂದೆ ಎಂದು ಮನೆಗೆ ಫೋನು ಮಾಡಿದ್ದಳು. ಅಪ್ಪ ಅದನ್ನು ಓಣಿಯಲ್ಲೆಲ್ಲ ಡಂಗುರ ಸಾರಿದ್ದರು. ಈಗ ನಿಜ ಹೇಳಿದರೆ ಸಿಟ್ಟಿನಲ್ಲಿ ಹೊರಳಿಬಿಟ್ಟರೆ ಎಂದು ಅವಳಿಗೆ ಭಯವಾಯಿತು. ಈ ಹೊತ್ತಿನಲ್ಲಿ ಇನ್ನೊಂದು ಸುಳ್ಳು ಹೇಳಲು ಅದಕ್ಕಿಂತ ನಾಚಿಕೆಯಾಯಿತು.

"ಅಪ್ಪಾ, ನಾ ಅಲ್ಲೀತನಾ ಹೋಗೇ ಇಲ್ಲ. ಅಂಜಿ ಹೊಳ್ಳಿ ಬಂದಿದ್ದೆ."

ಮಾಸ್ಕು ಕಿತ್ತರೇನೋ ಎಂದು ಅವಳು ಆಕ್ಸಿಜನ್ನಿನ ಸದ್ದಿಗೆ ಕಿವಿಗೊಟ್ಟಳು.

"ಗೊತ್ತಿತ್ತ," ಎಂದರು ಅಪ್ಪ. "ಅವತ್ತ ಫೋನಿನ್ಯಾಗೂ ನೀ ಗುರುತಿನ ಮಾತ ಎತ್ತಿದ್ದಿಲ್ಲ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಇವತ್ತ ನಾ ಮುಂದ ಇರ್ತೀನಿ. ನೀ ನನ್ನ ಅಂಗಿ ಹಿಡಕೊಂಡ ಬಾ."

ಬೋರಲಾಗಿದ್ದ ಹಾಗೆಯೇ ಅಪ್ಪ ಸಂದಿನೊಳಗೆ ನುಸುಳಿದರು. ಒಂದೊಂದು ಹೆಜ್ಜೆಗೂ ಒಂದೊಂದು ಉಸಿರು. ಗೋಡೆ ತಂಪಾಯಿತು ಎಂದರು. ಗುರುತು ಎದೆಯೆತ್ತರ ಇದೆ, ಅದು ಹೋದ ವರ್ಷದ್ದು, ಹೆದರಬೇಡ ಎಂದರು. ಮರಳು ಒದ್ದೆ ಇದೆ ಎಂದರು. ರಜನಿ ಬಂದು ಸಮಯವಾಯಿತು ಎಂದದ್ದು, ಇನ್ನೈದು ನಿಮಿಷ ತಡಿಯವ್ವಾ ಎಂದು ಅಪ್ಪ ಬೇಡಿದ್ದು, ಎಲ್ಲೋ ದೂರದ ಬಂಡೆಯ ಹಿಂದಿನಿಂದ ಕೇಳಿಸಿತು.

"ನೀರ ಬಂತ ನೋಡ. ಪ್ಯಾಂಟ ಮಡಚ್ಕೋ."

ವೈಶಾಲಿ ಕೂತಲ್ಲೇ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡಳು.