ಟವೆಲು ಹೊದ್ದ ಪಾದ

ಬಸಪ್ಪನ ಕೊರಳ ಗೆಜ್ಜೆಪಟ್ಟಿಯ ಒಂದು ತುದಿಯನ್ನು ಸೋಮಶೇಖರ್ ಬಿಚ್ಚುತ್ತಿದ್ದ. ಇನ್ನೊಂದು ತುದಿಯನ್ನು ಮಾನಸ ಹಿಡಿದುಕೊಂಡಿದ್ದಳು.

"ಬುಡು ಕಣಮ್ಮಿ. ಗಾಡಿ ಬಂದು ನಿಂತದೆ."

"ಅಪ್ಪ ಇನ್ನೂ ಜಗಲಿ ಮೇಲವ್ರೆ, ಚಿಕ್ಕಪ್ಪ."

ಜಗಲಿಯ ಮೇಲೆ ಚಿಕ್ಕಬಸವಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವು, ಮಡಿಚಿದ ಕಾಲುಗಳ ಮೇಲೆ ಹೊಸ ಬಿಳಿ ಟವೆಲು. ಗುಂಡಿ ತೋಡಲು ಹೋದವರು ಹೊಲದಿಂದ ಇನ್ನೂ ಬಂದಿರಲಿಲ್ಲ.

ಬಸಪ್ಪ ಊರ ದೇವರಿಗೆ ಬಿಟ್ಟ ಹೋರಿ. ಹದಿನೆಂಟು ವರ್ಷ ಅದರ ಹಗ್ಗ ಹಿಡಿದವನು ಚಿಕ್ಕಬಸವಯ್ಯ. ಬದನಗುಪ್ಪೆ ಸುತ್ತಿನ ಹಳ್ಳಿಯವರು ಮನಸ್ಸು ಗೊಂದಲವಾದಾಗ ಬಂದು, ಬಸಪ್ಪನ ಮುಂದೆ ಅಂಗೈ ನೆಲಕ್ಕಿಟ್ಟು ಕೇಳುತ್ತಿದ್ದರು. ಅಂಗೈ ಮೇಲೆ ಪಾದ ಕೊಟ್ಟರೆ ಆಗಲಿ ಎಂದರ್ಥ. ಮೂರು ಸಲ ಕೇಳಿಯೂ ಕೊಡದಿದ್ದರೆ ಬೇಡ.

"ನಾನೇನು ಕಟುಕರಿಗೆ ಕೊಟ್ಬುಟ್ಟೇನಾ?" ಎಂದ ಸೋಮಶೇಖರ್. "ಗುಂಡ್ಲುಪೇಟೇಲಿ ನಮ್ಮನೆ ಮುಂದೇನೇ ಹೈವೇ. ಕೇರಳದ ಕಾರ್‌ಗಳು ನಿಂತು ಪಾದ ಕೇಳ್ತವೆ. ಇಲ್ಲಿ ನಿಮ್ಮವ್ವ ಮಂಡಿ ಇಡ್ಕೊಂಡು ಕುಂತವ್ಳೆ. ನಿಂದು ಫ್ಯಾಕ್ಟ್ರಿ ಶಿಫ್ಟು. ಇದಕ್ಕೆ ಹುಲ್ಲು ಯಾರ್ ಹಾಕಾರು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾನಸಳ ಕಾಲ್ಬೆರಳುಗಳು ಮಣ್ಣು ಗೀರತೊಡಗಿದವು. ಶಿಫ್ಟು ಮುಗಿಸಿ ಬಂದಾಗ ಖಾಲಿ ಕೊಟ್ಟಿಗೆ ನೋಡುವುದು ಅವಳಿಗೆ ಬೇಡವಾಗಿತ್ತು.

ಶಾಸ್ತ್ರ ಮಾಡಿಸಲು ಬಂದಿದ್ದ ಮಠದ ಶಿವರುದ್ರಸ್ವಾಮಿ ವಿಭೂತಿ ಗಟ್ಟಿ ಕೆಳಗಿಟ್ಟರು. "ದೇವರ ಹೋರಿಗೆ ನೀವ್ಯಾಕೆ ಕಿತ್ತಾಡ್ತೀರಿ? ಅಣ್ಣನ್ನ ಮಣ್ಣಿಗಿಡೋ ಮುಂಚೆ ಬಸಪ್ಪನ್ನೇ ಕೇಳಿಬುಡಿ. ಹಗ್ಗ ಮಗಳು ಹಿಡೀಲಿ."

"ಊಂ, ಕೇಳಿ," ಎಂದಳು ಎದುರು ಮನೆಯ ನೀಲಾವತಿ. "ನನ್ ಗಂಡುನ್ನೂ ಅದೇ ಅಲ್ವಾ ಒಪ್ಪಿದ್ದು."

"ಅದ್ಕೇ ಕಣಕ್ಕ, ಈಗ್ಲೂ ಅನುಭವಿಸ್ತಾ ಇರೋದು ನೀನು," ಎಂದಳು ಪಕ್ಕದಲ್ಲಿ ಕೂತಿದ್ದವಳು.

ಹೆಂಗಸರ ನಡುವೆ ಸಣ್ಣ ನಗು ಎದ್ದು ಅಡಗಿತು. ಮಾನಸ ನಗಲಿಲ್ಲ. ನೀಲಾವತಿಯ ಗಂಡನನ್ನು ಒಪ್ಪಿದವರು ಯಾರೆಂದು ಅವಳಿಗೆ ಗೊತ್ತಿತ್ತು.

*

ಆಗ ಅವಳಿಗೆ ಹನ್ನೆರಡು. ಜನರೊಳಗೆ ತೂರಿ ಕುಕ್ಕರಗಾಲಲ್ಲಿ ಕೂತರೆ ಕಾಣುತ್ತಿದ್ದುದು ಕಾಲುಗಳಷ್ಟೇ. ಎಲ್ಲರೂ ಬಸಪ್ಪನ ಮುಖ ನೋಡುತ್ತಿದ್ದರು. ಬಸಪ್ಪ ಅಪ್ಪನ ಕಾಲು ನೋಡುತ್ತಿತ್ತು. ಅಪ್ಪನ ಬಲಗಾಲಿನ ಹೆಬ್ಬೆರಳು ಎಳ್ಳುಕಾಳಿನಷ್ಟು ಮೇಲೆದ್ದರೆ ಸಾಕು, ಇತ್ತ ಪಾದ ಏಳುತ್ತಿತ್ತು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹದಿನೈದು ದಿನ ಗುರುತು ಹಾಕಿ, ಆಮೇಲೆ ಅಪ್ಪನಿಗೆ ಹೇಳಿದಳು.

"ನಾನ್ಯಾವತ್ತಮ್ಮಿ ಬೆರಳು ಎತ್ತಿದ್ದು?"

"ಎತ್ತೀಯ ಅಪ್ಪ. ನಿಂಗೇ ಗೊತ್ತಾಗಲ್ಲ."

ಚಿಕ್ಕಬಸವಯ್ಯ ನಕ್ಕ. ಕಣದಲ್ಲಿದ್ದ ಹುರುಳಿ ರಾಶಿಯೊಳಗೆ ಎರಡೂ ಪಾದ ಹೂತು ನಿಂತು, ಅವಳ ಅಂಗೈ ನೆಲಕ್ಕಿಡಿಸಿದ. "ಈ ಮಗು ನನ್ ಮಗಳೇನಪ್ಪ, ಬಸಪ್ಪ?"

ಬಸಪ್ಪ ಹುರುಳಿ ರಾಶಿ ನೋಡುತ್ತ ನಿಂತಿತು. ಮೂರು ಸಲ ಕೇಳಿದರೂ ಅಷ್ಟೇ. ಅವನು ಕಾಲು ಹೊರಗೆಳೆದು ಮತ್ತೆ ಕೇಳಿದ್ದೇ, ಭಾರ ಬಿಡದೆ, ಬರೀ ಮುಟ್ಟುವಂತೆ, ಅವಳ ಅಂಗೈಗೆ ಪಾದ ಬಂತು.

ನಗು ಹೋಯಿತು. ಅಲ್ಲೇ ಕೂತುಬಿಟ್ಟ. "ಅಂಗಾರೆ ಇಷ್ಟ್ ದಿನ ಎಲ್ರಿಗೂ ಹೇಳಿದ್ದು ನಾನೇನಾ? ನೀಲಾವತಿಗೂ?"

"ನೀನು ಮೋಸ ಮಾಡಿಲ್ಲವಲ್ಲ ಅಪ್ಪ. ಅದು ನಿನ್ನ ಮನಸ್ಸು ಓದ್ಕೊಂಡಿದೆ."

"ಇವತ್ತಿನ್ ಗಂಟ ಮಾಡಿಲ್ಲ. ಇನ್ಮೇಲೆ ಮಾಡ್ದಂಗಾಯ್ತದೆ ಕಣಮ್ಮಿ."

ಮಾರನೆಯ ದಿನದಿಂದ ಹಗ್ಗ ಹಿಡಿದಾಗಲೆಲ್ಲ ಹೆಗಲ ಟವೆಲನ್ನು ಪಾದದ ಮೇಲೆ ಹೊದಿಸಿಕೊಂಡು ನಿಂತ. ಮೊದಲಿನಷ್ಟು ಪಾದ ಬೀಳಲಿಲ್ಲ. ಬಸಪ್ಪನಿಗೆ ವಯಸ್ಸಾಯಿತು ಎಂದರು ಜನ. ಒಂದೇ ಒಂದು ಸಲ ಟವೆಲು ಹೆಗಲ ಮೇಲೇ ಉಳಿಯಿತು: ಮಾನಸಳನ್ನು ಚಾಮರಾಜನಗರದ ಕಾಲೇಜಿಗೆ ಕಳಿಸಬಹುದೇ ಎಂದು ಮನೆಯವರು ಕೇಳಿದ ದಿನ.

ಅವಳ ಕೈಗೆ ಮಾತ್ರ ಹಗ್ಗ ಕೊಡುತ್ತಿರಲಿಲ್ಲ. "ನಿನ್ ಕಾಲು ಒಂದ್ ಗಳಿಗೆ ಸುಮ್ನಿರಕಿಲ್ಲ. ಪಾಪ, ಅದಕ್ಕೆ ತಲೆ ಕೆಟ್ಟೋಯ್ತದೆ."

*

ಸೋಮಶೇಖರ್ ಮಂಡಿಯೂರಿ ಅಂಗೈ ನೆಲಕ್ಕಿಟ್ಟ. ಹಗ್ಗ ಮಾನಸಳ ಕೈಯಲ್ಲಿತ್ತು.

ಬಸಪ್ಪ ಅವಳ ಪಾದ ನೋಡಿತು. ಅವಳ ಬೆರಳುಗಳು ಅದುರಿದವು; ಬಸಪ್ಪನ ಮುಂಗಾಲು ಅರ್ಧ ಎದ್ದು, ಇಳಿದು, ಮತ್ತೆ ಎದ್ದಿತು. "ಕೊಡ್ತದೆ, ಕೊಡ್ತದೆ," ಎಂದರು ಯಾರೋ. ಹೆಬ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದರೆ ಸಾಕಿತ್ತು. ಬಸಪ್ಪ ಇಲ್ಲೇ ಉಳಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವಳು ಒತ್ತಿದಳು. ಮುಂಗಾಲು ಇಳಿದು ನಿಂತಿತು.

ಜಗಲಿಯ ಕಡೆ ನೋಡಿದಳು. ಬಿಳಿ ಟವೆಲು. ಹೆಗಲ ಮೇಲಿದ್ದ ದುಪಟ್ಟ ಎಳೆದು ತನ್ನ ಪಾದಗಳ ಮೇಲೆ ಹಾಕಿಕೊಂಡಳು.

"ಅದ್ಯಾಕಮ್ಮಿ?" ಎಂದಳು ಅವ್ವ.

"ಅಪ್ಪ ಹಿಂಗೇ ನಿಲ್ತಿದ್ರಲ್ಲವ್ವ."

"ನನ್ ಜೊತೆ ಬರ್ತೀಯೇನಪ್ಪ?" ಸೋಮಶೇಖರ್ ಕೇಳಿದ.

ಬಸಪ್ಪ ದುಪಟ್ಟ ನೋಡಿತು.

"ಬರ್ತೀಯಾ?"

ಬಗ್ಗಿ ದುಪಟ್ಟ ಮೂಸಿತು. ಬಟ್ಟೆಯ ಕೆಳಗೆ ಬೆರಳುಗಳು ಹುಚ್ಚೆದ್ದು ಕುಣಿಯುತ್ತಿದ್ದವು. ಅವಳು ಕಣ್ಣು ಮುಚ್ಚಿದಳು.

"ಬಾ ಬಸಪ್ಪ. ಅಣ್ಣನ್ ಮೇಲಾಣೆ, ಚೆನ್ನಾಗ್ ನೋಡ್ಕೋತೀನಿ," ಎಂದ ಚಿಕ್ಕಪ್ಪ.

ಹಗ್ಗ ಜಗ್ಗಿತು. ಅವಳು ಬಿಟ್ಟಳು. ಬಸಪ್ಪ ಸೋಮಶೇಖರನ ಅಂಗೈಗೆ ಪಾದ ಕೊಡದೆ, ಪಕ್ಕದಿಂದ ಹಾದು ಜಗಲಿಯ ಹತ್ತಿರ ಹೋಯಿತು. ಯಾರೋ ದೀಪವನ್ನು ಪಕ್ಕಕ್ಕೆಳೆದರು.

"ಮೂರಾಯ್ತು. ಎದ್ದೇಳಪ್ಪ ಸೋಮಶೇಖರ," ಎಂದರು ಶಿವರುದ್ರಸ್ವಾಮಿ ಮೆಲ್ಲಗೆ.

ಅವನು ಏಳಲಿಲ್ಲ. ಅಂಗೈ ನೆಲದ ಮೇಲೇ ಇತ್ತು.

ಬಸಪ್ಪ ಮೂತಿಯಿಂದ ಟವೆಲನ್ನು ನೂಕಿತು. ಅದು ಜಾರಿ ಬಿತ್ತು. ಮಡಿಚಿದ ಕಾಲು, ವಿಭೂತಿ ಬಳಿದ ಹೆಬ್ಬೆರಳು. ಬಸಪ್ಪ ಮುಂಗಾಲನ್ನು ಅರ್ಧ ಎತ್ತಿ, ಆ ಬೆರಳನ್ನೇ ನೋಡುತ್ತ, ಕಾಯುತ್ತ ನಿಂತಿತು.